ನೆಲದ ವಕೀಲರು: ಬೂರ್ಗುಲ ರಾಮಕೃಷ್ಣರಾಯರು

ಗದ್ವಾಲದ ಕಡೆಯ ಮನೆಗಳಲ್ಲಿ ಜಮೀನಿನ ಹಳೆಯ ಕಾಗದಪತ್ರಗಳಿದ್ದರೆ, ಹಿರಿಯರ ಅಪ್ಪಣೆ ಪಡೆದು ಅವನ್ನೊಮ್ಮೆ ಬಿಚ್ಚಿ ನೋಡಿರೆಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಹೇಳುವುದುಂಟು. 1956ಕ್ಕೆ ತುಸು ಹಿಂದಿನ ಕಾಗದವಾದರೆ ಅದರಲ್ಲಿ ಜಿಲ್ಲೆಯ ಹೆಸರು ರಾಯಚೂರು. ಮಕ್ತಲ, ನಾರಾಯಣಪೇಟೆಗಳ ಕಾಗದವಾದರೆ ಮಹಬೂಬನಗರ. ಈಗ ಗದ್ವಾಲವೂ (2016ರಿಂದ) ನಾರಾಯಣಪೇಟೆಯೂ (2019ರಿಂದ) ತಾವೇ ಜಿಲ್ಲಾ ಕೇಂದ್ರಗಳು. ಊರು ಕದಲಲಿಲ್ಲ, ಹೊಳೆ ಕದಲಲಿಲ್ಲ; ಗೆರೆಗಳು ಮಾತ್ರ ಕದಲಿದವು. ಹೀಗೆ ಗೆರೆ ಕದಲಿದಾಗ ಹೊಲಕ್ಕೂ ನೀರಿಗೂ ಏನಾಯಿತೆಂಬುದನ್ನು ತಿಳಿಯಬೇಕಾದರೆ, ಆ ಕಾಲದಲ್ಲಿ ಹೈದರಾಬಾದು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ವಕೀಲರೊಬ್ಬರ ಜೀವನವನ್ನು ತಿಳಿಯುವುದು ಒಳ್ಳೆಯ ದಾರಿಯೆಂದು ನಮಗೆ ತೋರುತ್ತದೆ.

‘ಪರಿಸರ ನ್ಯಾಯವಾದಿ’ ಎಂಬ ಮಾತನ್ನು ಇಂದಿನ ಮಕ್ಕಳು ಪತ್ರಿಕೆಗಳಲ್ಲಿ ಓದಿರುತ್ತಾರೆ. ನೀರು ಕೆಟ್ಟರೆ, ಕಾಡು ಕಡಿದರೆ, ಕೆರೆ ಮುಚ್ಚಿದರೆ ನ್ಯಾಯಾಲಯದ ಮೆಟ್ಟಿಲೇರುವವರು ಅವರು. ಅವರ ಕೈಯಲ್ಲಿರುವ ಕಾನೂನುಗಳೆಲ್ಲ ಈಚಿನವು. ಜಲಮಾಲಿನ್ಯದ ಕಾನೂನು 1974ರದು, ಪರಿಸರ ಸಂರಕ್ಷಣೆಯ ಕಾನೂನು 1986ರದು. ರಾಮಕೃಷ್ಣರಾಯರ ಕಾಲಕ್ಕೆ ಆ ಹೆಸರೇ ಇರಲಿಲ್ಲ. ಅವರನ್ನು ಹಾಗೆ ಕರೆದರೆ ಅತಿಶಯೋಕ್ತಿಯಾದೀತು. ಆದರೆ ಉಳುವ ನೆಲ ಯಾರದು, ಹರಿಯುವ ನೀರು ಯಾರದು ಎಂಬ ಎರಡು ಪ್ರಶ್ನೆಗಳು ಅವರ ಕಾಲದಲ್ಲಿ ಈ ಸೀಮೆಯ ಉಸಿರಿನ ಪ್ರಶ್ನೆಗಳಾಗಿದ್ದವು. ಮೊದಲನೆಯದಕ್ಕೆ ಕಾನೂನಿನ ಉತ್ತರ ಕೊಡಿಸಲು ಯತ್ನಿಸಿದವರಲ್ಲಿ ಅವರು ಪ್ರಮುಖರು.

ರಾಯರು ಹುಟ್ಟಿದ್ದು 1899ರಲ್ಲಿ, ಕಲ್ವಕುರ್ತಿ ಸೀಮೆಯ ಪಡಕಲ್ ಗ್ರಾಮದಲ್ಲಿ. ಬೂರ್ಗುಲವೆಂಬುದು ಊರಿನ ಹೆಸರು. ಅದೇ ಮನೆತನದ ಹೆಸರಾಗಿ ನಿಂತಿತು. ಹೈದರಾಬಾದಿನಲ್ಲಿ ಶಾಲೆ, ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಬಿ.ಎ., ಮುಂಬಯಿ ವಿಶ್ವವಿದ್ಯಾಲಯದ ಕಾನೂನು ಪದವಿ, ಬಳಿಕ 1924ರಿಂದ ಹೈದರಾಬಾದಿನಲ್ಲಿ ವಕೀಲಿ. ತೆಲುಗು, ಉರ್ದು, ಪಾರಸಿ, ಸಂಸ್ಕೃತ, ಮರಾಠಿ, ಕನ್ನಡ, ಇಂಗ್ಲಿಷ್ ಭಾಷೆಗಳನ್ನು ಬಲ್ಲವರಾಗಿದ್ದರು. ಪಾರಸಿ ಸಾಹಿತ್ಯದ ಚರಿತ್ರೆಯನ್ನು ತೆಲುಗಿನಲ್ಲಿ ಬರೆದರು. ಮನೆಯಲ್ಲೊಂದು, ಶಾಲೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯಾಡುವ ನಮ್ಮ ಗಡಿಯ ಮಕ್ಕಳಿಗೆ ಇದು ಅಚ್ಚರಿಯ ಸಂಗತಿಯೇನಲ್ಲ. ಮುಂದೆ ಭಾರತದ ಪ್ರಧಾನಮಂತ್ರಿಗಳಾದ ಪಿ. ವಿ. ನರಸಿಂಹರಾಯರು ತರುಣರಾಗಿದ್ದಾಗ ಇವರ ಕೈಕೆಳಗೆ ವಕೀಲಿ ಕಲಿತರು. 1931ರಲ್ಲಿ ದೇವರಕೊಂಡದಲ್ಲಿ ನೆರೆದ ಆಂಧ್ರ ಮಹಾಸಭೆಯ ಎರಡನೆಯ ಅಧಿವೇಶನಕ್ಕೆ ರಾಯರೇ ಅಧ್ಯಕ್ಷರು. ನಿಜಾಮರ ರಾಜ್ಯದಲ್ಲಿ ಸಭೆ ಕೂಡುವುದೇ ಕಷ್ಟವಾಗಿದ್ದ ಕಾಲವದು.

ಇನ್ನು ನೆಲದ ವಿಚಾರ. ಇದನ್ನು ತುಸು ವಿವರವಾಗಿ ಹೇಳಬೇಕು. ನಿಜಾಮರ ರಾಜ್ಯದ ನೆಲವೆಲ್ಲ ಒಂದೇ ಬಗೆಯದಾಗಿರಲಿಲ್ಲ. ಹತ್ತು ಪಾಲಿನಲ್ಲಿ ಸುಮಾರು ಆರು ಪಾಲು ಸರ್ಕಾರವೇ ಕಂದಾಯವೆತ್ತುವ ದಿವಾನಿ ನೆಲ. ಒಂದು ಪಾಲು ನಿಜಾಮರ ಸ್ವಂತ ಖರ್ಚಿಗೆಂದಿಟ್ಟ ಸರ್ಫೆಖಾಸ್. ಉಳಿದ ಮೂರು ಪಾಲು ಜಾಗೀರುಗಳು. ಗದ್ವಾಲದಂತಹ ಸಂಸ್ಥಾನಗಳೂ ಇದ್ದವು. 1949ರಲ್ಲಿ ಜಾಗೀರುಗಳು ರದ್ದಾದವು. ಆದರೆ ಜಾಗೀರುದಾರ ಹೋದ ಮಾತ್ರಕ್ಕೆ ಉಳುವವನಿಗೆ ನೆಲ ಬರುವುದಿಲ್ಲ. ದಿವಾನಿ ಹಳ್ಳಿಯಲ್ಲಿಯೂ ಪಟ್ಟೆ ಒಬ್ಬನ ಹೆಸರಿನಲ್ಲಿ, ನೇಗಿಲು ಇನ್ನೊಬ್ಬನ ಕೈಯಲ್ಲಿ. ಆ ಇನ್ನೊಬ್ಬನೇ ಕೌಲುದಾರ. ಬಾಯಿಮಾತಿನ ಕೌಲು, ಯಜಮಾನನ ಮನಸ್ಸು ತಿರುಗಿದರೆ ಮುಂದಿನ ಮುಂಗಾರಿಗೆ ಹೊಲವಿಲ್ಲ. ಹೀಗಿರುವಾಗ ಹೊಲಕ್ಕೆ ಗೊಬ್ಬರ ಹಾಕುವವರು ಯಾರು, ಬದು ಕಟ್ಟುವವರು ಯಾರು, ಬಾವಿ ತೋಡುವವರು ಯಾರು? ನಾಳೆ ತನ್ನದಲ್ಲದ ನೆಲವನ್ನು ಇಂದು ಜೋಪಾನ ಮಾಡುವ ಮನಸ್ಸು ಯಾರಿಗೂ ಬಾರದು. ಭೂಮಿಯ ಆರೋಗ್ಯವೂ ಉಳುವವನ ಹಕ್ಕೂ ಒಂದೇ ಗಂಟಿನ ಎರಡು ಎಳೆಗಳೆಂಬುದು ಇಲ್ಲಿ ಕಾಣುತ್ತದೆ.

1950ರಲ್ಲಿ ವೆಲ್ಲೋಡಿಯವರ ಮಂತ್ರಿಮಂಡಲವು ಏರ್ಪಟ್ಟಾಗ ರಾಯರು ಕಂದಾಯ ಮಂತ್ರಿಗಳಾದರು. ತೆಲಂಗಾಣದಲ್ಲಿ ರೈತರ ಸಶಸ್ತ್ರ ಹೋರಾಟ ಇನ್ನೂ ಆರಿರಲಿಲ್ಲ. ಆ ವರ್ಷ ಜೂನ್ ತಿಂಗಳಲ್ಲಿ ಹೈದರಾಬಾದು ಗೇಣಿ ಮತ್ತು ಕೃಷಿಭೂಮಿ ಕಾನೂನು ಜಾರಿಗೆ ಬಂದಿತು. ಅದರ ತಿರುಳು ಸರಳ. ನಿಗದಿಯಾದ ಅವಧಿಯಲ್ಲಿ ಆರು ವರ್ಷ ಸತತವಾಗಿ ನೆಲವನ್ನು ಉತ್ತ ಕೌಲುದಾರನು ‘ರಕ್ಷಿತ ಕೌಲುದಾರ’. ಅವನನ್ನು ಮನಸ್ಸು ಬಂದಂತೆ ಎಬ್ಬಿಸುವಂತಿಲ್ಲ, ಗೇಣಿಗೆ ಮಿತಿಯುಂಟು, ಗೊತ್ತಾದ ಬೆಲೆ ಕೊಟ್ಟು ಆ ನೆಲವನ್ನು ಕೊಳ್ಳುವ ಹಕ್ಕೂ ಅವನಿಗುಂಟು. 1954ರ ತಿದ್ದುಪಡಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರವು ಪ್ರಕಟಣೆ ಹೊರಡಿಸಿದ ಪ್ರದೇಶದಲ್ಲಿ ರಕ್ಷಿತ ಕೌಲುದಾರನಿಗೆ ಒಡೆತನವೇ ವರ್ಗವಾಗುವಂತೆ ಮಾಡಿತು. ಆಗ ರಾಯರು ಮುಖ್ಯಮಂತ್ರಿಗಳಾಗಿದ್ದರು.

ಕಾನೂನು ಒಳ್ಳೆಯದಾಗಿತ್ತು, ಫಲ ಅಷ್ಟಾಗಿ ಕೈಗೆ ಬರಲಿಲ್ಲ. ಇದನ್ನು ಮರೆಮಾಚುವುದು ಸರಿಯಲ್ಲ. ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಅವರು 1958ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ರಕ್ಷಿತರೆಂದು ಬರೆಸಿಕೊಂಡವರಲ್ಲಿ ಬಹಳ ಮಂದಿ ಕೆಲವೇ ವರ್ಷಗಳಲ್ಲಿ ನೆಲ ಬಿಟ್ಟಿದ್ದರು. ಕೆಲವರನ್ನು ಕಾನೂನು ಮೀರಿ ಎಬ್ಬಿಸಲಾಗಿತ್ತು. ಕೆಲವರು ‘ಸ್ವಂತ ಇಚ್ಛೆಯಿಂದ’ ಬಿಟ್ಟುಕೊಟ್ಟುದಾಗಿ ಬರೆದುಕೊಟ್ಟಿದ್ದರು. ಆ ಇಚ್ಛೆ ಎಂತಹುದೆಂಬುದನ್ನು ಹಳ್ಳಿಯ ಬಾಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಒಡೆತನ ವರ್ಗಾಯಿಸುವ ಪ್ರಕಟಣೆಯಂತೂ ತೆಲಂಗಾಣದ ಬಹುಪಾಲು ಜಿಲ್ಲೆಗಳಿಗೆ ಬಂದುದು 1970ರ ದಶಕದಲ್ಲಿ. ಅಷ್ಟರಲ್ಲಿ ಎಷ್ಟೋ ಕೌಲುದಾರರು ತೀರಿಕೊಂಡಿದ್ದರು.

1952ರ ಮಹಾಚುನಾವಣೆಯಲ್ಲಿ ಗೆದ್ದು, ಅದೇ ಮಾರ್ಚ್ 6ರಂದು ರಾಯರು ಹೈದರಾಬಾದು ರಾಜ್ಯದ ಮುಖ್ಯಮಂತ್ರಿಗಳಾದರು. ಎಂಟು ತೆಲುಗು ಜಿಲ್ಲೆ, ಐದು ಮರಾಠಿ ಜಿಲ್ಲೆ, ಮೂರು ಕನ್ನಡ ಜಿಲ್ಲೆಗಳು ಸೇರಿದ್ದ ರಾಜ್ಯವದು. ಭಾಷಾವಾರು ಪ್ರಾಂತಗಳ ಕೂಗು ಎದ್ದಾಗ ಅದು ಮೂರಾಗಿ ಹಂಚಿಹೋಗುವುದು ಖಚಿತವಾಯಿತು. 1956ರ ಫೆಬ್ರವರಿ 20ರಂದು ದೆಹಲಿಯಲ್ಲಿ ಆಂಧ್ರ, ತೆಲಂಗಾಣಗಳ ಮುಖಂಡರು ಮಾಡಿಕೊಂಡ ‘ಸಜ್ಜನರ ಒಪ್ಪಂದ’ಕ್ಕೆ ತೆಲಂಗಾಣದ ಪರವಾಗಿ ರುಜು ಹಾಕಿದವರಲ್ಲಿ ರಾಯರೂ ಒಬ್ಬರು. ತಮ್ಮ ಗಾದಿ ಉಳಿಯದೆಂದು ತಿಳಿದೂ ರುಜು ಹಾಕಿದರು. ಆ ಒಪ್ಪಂದವನ್ನು ಮುಂದೆ ಎಷ್ಟರಮಟ್ಟಿಗೆ ಪಾಲಿಸಲಾಯಿತೆಂಬುದು ಬೇರೆ ಕಥೆ. 2014ರಲ್ಲಿ ತೆಲಂಗಾಣವು ಪ್ರತ್ಯೇಕ ರಾಜ್ಯವಾದುದಕ್ಕೆ ಅದರ ನೆನಪೂ ಒಂದು ಕಾರಣ.

1956ರ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗಾ, ಬೀದರಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದರೆ ರಾಯಚೂರಿನ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಗುಲ್ಬರ್ಗಾದ ಕೊಡಂಗಲ್ ತಾಲ್ಲೂಕೂ ಆಂಧ್ರಪ್ರದೇಶದ ಪಾಲಾದವು. ಮಕ್ತಲದ ಸೀಮೆಯ ಕನ್ನಡ ಹಳ್ಳಿಗಳು ಮೊದಲಿನಂತೆ ಮಹಬೂಬನಗರದಲ್ಲಿಯೇ ಉಳಿದವು. ಹೊಳೆಯಾಚೆ ಬಂಧುಗಳು, ಈಚೆ ನಾವು. ಕಚೇರಿಯ ಭಾಷೆ ಬದಲಾಯಿತು. ಅದಕ್ಕಿಂತ ಮಿಗಿಲಾಗಿ ನೀರಿನ ಲೆಕ್ಕ ಬದಲಾಯಿತು.

ರಾಜೋಳಿಬಂಡ ಕಾಲುವೆಯೇ ಸಾಕ್ಷಿ. ಹೈದರಾಬಾದು ರಾಜ್ಯದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಲು ತೊಡಗಿದ ಅಣೆಕಟ್ಟೆ ಅದು. ಕಟ್ಟೆ ರಾಯಚೂರು ಜಿಲ್ಲೆಯಲ್ಲಿ, ಹೊಲಗಳು ಬಹುಪಾಲು ಗದ್ವಾಲ, ಆಲಂಪುರಗಳಲ್ಲಿ. ಒಂದೇ ರಾಜ್ಯವಿದ್ದಾಗ ಇದರಲ್ಲಿ ತೊಡಕೇನೂ ಇರಲಿಲ್ಲ. ಗೆರೆ ಬಿದ್ದ ಮೇಲೆ ತೂಬು ಒಂದು ರಾಜ್ಯದಲ್ಲಿ, ಪೈರು ಇನ್ನೊಂದರಲ್ಲಿ. ಲೆಕ್ಕದಲ್ಲಿ ಈಚೆಯ 87,500 ಎಕರೆಗೆ 15.9 ಟಿ.ಎಂ.ಸಿ. ನೀರುಂಟು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ; ಕ್ಷಣಕ್ಕೆ ಸುಮಾರು 11,574 ಘನ ಅಡಿಯಂತೆ ಒಂದು ಇಡೀ ದಿನ ಹರಿದ ನೀರು. ಕಾಲುವೆಯ ಕೊನೆಯ ಹಳ್ಳಿಗಳಿಗೆ ಆ ಪಾಲು ಪೂರ್ತಿ ಮುಟ್ಟದೆಂಬ ದೂರು ದಶಕಗಳಿಂದ ನಡೆದು ಬಂದಿದೆ.

ರಾಯರು ಮುಂದೆ ಕೇರಳದ ರಾಜ್ಯಪಾಲರಾದರು. ಅಲ್ಲಿ ನಂಬೂದಿರಿಪಾಡರ ಸರ್ಕಾರವು ಭೂಸುಧಾರಣೆಯ ಮಸೂದೆಯನ್ನು ತಂದಿತು, ಗಲಭೆಗಳೆದ್ದವು, ರಾಯರ ವರದಿಯ ತರುವಾಯ 1959ರ ಜುಲೈ 31ರಂದು ಆ ಸರ್ಕಾರ ವಜಾ ಆಯಿತು. ಹೈದರಾಬಾದಿನಲ್ಲಿ ಕೌಲುದಾರನ ಪರವಾಗಿ ಕಾನೂನು ತಂದವರ ಕೈಯಿಂದಲೇ ಆ ವರದಿ ಹೋದುದು ನಮಗೆ ಸಮಾಧಾನ ಕೊಡುವ ಸಂಗತಿಯಲ್ಲ. ಬಳಿಕ ಉತ್ತರಪ್ರದೇಶದ ರಾಜ್ಯಪಾಲರಾಗಿ, 1962ರಿಂದ ರಾಜ್ಯಸಭೆಯ ಸದಸ್ಯರಾಗಿದ್ದು, 1967ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಕೃಷ್ಣೆಯ ನೀರನ್ನು ಹಂಚಲು ಬಚಾವತ್ ನ್ಯಾಯಮಂಡಲಿ ಏರ್ಪಟ್ಟುದು 1969ರಲ್ಲಿ. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ. ಎಂದು ಅದು 1973ರಲ್ಲಿ ತೀರ್ಪಿತ್ತಿತು. ಆ ದೊಡ್ಡ ಅಂಕಿಗಳ ನಡುವೆ ನಮ್ಮ ಸೀಮೆಗೆ ಸೇರಿದ ಒಂದು ಚಿಕ್ಕ ಅಂಕಿಯುಂಟು. ಹೈದರಾಬಾದು ರಾಜ್ಯವು ಒಡೆಯದಿದ್ದರೆ ಮಹಬೂಬನಗರ ಜಿಲ್ಲೆಯ ಈ ಭಾಗಕ್ಕೆ ನೀರಾವರಿ ದೊರೆಯುವ ಅವಕಾಶ ಹೆಚ್ಚಿತ್ತು, ರಾಜ್ಯಗಳ ಪುನರ್ವಿಂಗಡಣೆಯ ಕಾರಣದಿಂದ ಇಲ್ಲಿನವರು ಅದರಿಂದ ವಂಚಿತರಾಗಬಾರದು ಎಂದು ನ್ಯಾಯಮಂಡಲಿಯು ಅಭಿಪ್ರಾಯಪಟ್ಟು, ಜೂರಾಲ ಯೋಜನೆಗೆಂದು 17.84 ಟಿ.ಎಂ.ಸಿ. ನೀರನ್ನು ತೆಗೆದಿಟ್ಟಿತು. 1981ರಲ್ಲಿ ಜೂರಾಲಕ್ಕೆ ಶಂಕುಸ್ಥಾಪನೆಯಾಯಿತು; 1990ರ ದಶಕದಲ್ಲಿ ಗದ್ವಾಲದ ಮೇಲುಗಡೆ, ಕೃಷ್ಣೆಯಲ್ಲಿ ಆ ಕಟ್ಟೆಯ ಬಾಗಿಲುಗಳು ಮೊದಲ ಸಲ ನೀರನ್ನು ತಡೆದು ನಿಂತವು.