ಕುಂಡದ ಗಿಡ ಮತ್ತು ಸ್ನೇಹಧರ್ಮ

ಮನೆಯೊಳಗಿನ ಗಿಡಗಳಲ್ಲಿ ಅನೇಕವು ಸಾಯುವುದು ಅಲಕ್ಷ್ಯದಿಂದಲ್ಲ, ಅತಿಯಾದ ಅಕ್ಕರೆಯಿಂದ ಎಂದರೆ ವಾಚಕರು ಆಶ್ಚರ್ಯಪಟ್ಟಾರು. ಶಾಂತಸಾಗರದ ಮೂರಿಯಾ ದ್ವೀಪ ಮೂಲದ ಮನಿಪ್ಲಾಂಟ್ ಬಳ್ಳಿಯೊಂದು ನಮ್ಮ ಕಿಟಕಿಯಲ್ಲಿತ್ತು. ಅದರ ಎಲೆಗಳು ಹಳದಿಗಟ್ಟಿದಾಗ ಬಾಯಾರಿಕೆಯೆಂದು ಬಗೆದು ನೀರೆರೆದೆವು. ಮತ್ತಷ್ಟು ಹಳದಿಗಟ್ಟಲು ಮತ್ತಷ್ಟು ಎರೆದೆವು. ಕೊನೆಗೆ ಕುಂಡವನ್ನು ಬೋರಲು ಹಾಕಿ ನೋಡಿದರೆ ಬೇರುಗಳು ಕಪ್ಪಾಗಿ ಕೊಳೆತಿದ್ದವು. ಬೇರಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ತೆರವನ್ನೆಲ್ಲ ನೀರೇ ತುಂಬಿದರೆ ಅದಕ್ಕೆ ಪ್ರಾಣವಾಯು ಸಾಲದು. ಉಸಿರುಗಟ್ಟಿದ ಬೇರು ನೀರನ್ನು ಹೀರಲಾರದಾಗಿ, ಗಿಡವು ನೀರಿನ ನಡುವೆಯೇ ಬಾಡುತ್ತದೆ.

ಸ್ನೇಹದಲ್ಲಿಯೂ ನಾವು ಎಸಗುವ ಅಪರಾಧವು ಇದೇ ಅಲ್ಲವೆ? ಪುತ್ರಶೋಕದಲ್ಲಿದ್ದ ಮಿತ್ರರೊಬ್ಬರ ಮನೆಗೆ ದಿನವೂ ಹೋಗಿ ಸಮಾಧಾನದ ಮಾತುಗಳನ್ನು ಸುರಿದೆವು. ಅವರು ಮೌನವಾದಷ್ಟೂ ಮಾತನ್ನು ಹೆಚ್ಚಿಸಿದೆವು. ಅವರಿಗೆ ಬೇಕಾಗಿದ್ದುದು ಅಳುವುದಕ್ಕೆ ಕೊಂಚ ಏಕಾಂತ. ಅವರು ಬಾಗಿಲು ಮುಚ್ಚಿಕೊಂಡಾಗ ಕೃತಘ್ನತೆಯೆಂದು ನೊಂದೆವು. ಕೊಳೆತ ಬೇರನ್ನು ಕಂಡ ಮೇಲೆ ನಾಚಿದೆವು.

ಅಳಿದುಳಿದ ಗೆಣ್ಣೊಂದನ್ನು ಹೊಸ ಮಣ್ಣಿನಲ್ಲಿ ನೆಟ್ಟೆವು. ಅದು ಈಗ ಚಿಗುರಿದೆ. ಮೊನ್ನೆ ಮಿತ್ರರಲ್ಲಿಗೂ ಹೋಗಿ ಒಂದು ಗಂಟೆಯ ಕಾಲ ಸುಮ್ಮನೆ ಕುಳಿತೆವು. ಏಳುವಾಗ ಅವರೇ, “ಮತ್ತೆ ಬನ್ನಿ” ಎಂದರು.

ನೀರೆರೆಯುವ ಮುನ್ನ ಬೆರಳನ್ನು ಒಂದಂಗುಲ ಮಣ್ಣಿನೊಳಗಿಟ್ಟು ನೋಡಬೇಕು. ಒಣಗಿದ್ದರೆ ಎರೆಯಬೇಕು, ತೇವವಿದ್ದರೆ ತಡೆಯಬೇಕು. ಕೊಡುವುದೊಂದೇ ಪ್ರೀತಿಯಲ್ಲ, ಅರಿತು ಕಾಯುವುದೂ ಪ್ರೀತಿಯೇ. ಗಿಡವನ್ನು ಬೆಳೆಸಹೊರಟವರು ಮೊದಲು ಬೆಳೆಯಬೇಕಾದುದು ಈ ಸಂಯಮದಲ್ಲಿ.