ರಾಜೀವ್ ಚೌಕ್‌ನ ಜನಜಂಗುಳಿ ಒಂದು ಲ್ಯಾಪ್‌ಟಾಪ್‌ನಲ್ಲಿ ಹೇಗೆ ಹಿಡಿಸುತ್ತೆ?

ಬೆಳಗ್ಗೆ ರಾಜೀವ್ ಚೌಕ್‌ನಲ್ಲಿ ಹಳದಿ ಲೈನ್ ಇಳಿದು ನೀಲಿ ಲೈನ್ ಹತ್ತೋಕೆ ನುಗ್ಗಿದ್ದೀರಲ್ಲ? ಆ ಗುಂಪನ್ನೇ ಗೇಮ್ ಮಾಡ್ಬೇಕು, 10,000 ಜನ ಅಂದ್ಕೊಳ್ಳಿ. ಯಾರು ಡಿಕ್ಕಿ ಹೊಡೀತಾರೋ ಅಂತ ಪ್ರತಿಯೊಬ್ಬರೂ ಉಳಿದವರೆಲ್ಲರನ್ನೂ ನೋಡಿದರೆ, ಪ್ರತಿ ಹೆಜ್ಜೆಗೂ ಸುಮಾರು 10 ಕೋಟಿ ಹೋಲಿಕೆ. ಲ್ಯಾಪ್‌ಟಾಪ್ ಕೈಚೆಲ್ಲುತ್ತೆ.

ಆದ್ರೆ ಅಲ್ಲಿ ನೀವು ಎಲ್ರನ್ನೂ ನೋಡ್ತೀರಾ? ಪಕ್ಕದವರನ್ನಷ್ಟೇ. ಗೇಮ್ ಕೂಡ ಹಾಗೇ. ನೆಲವನ್ನು ಚೌಕಗಳಾಗಿ ಹಂಚಿ, ತನ್ನ ಚೌಕ ಮತ್ತು ಸುತ್ತಲಿನ ಎಂಟನ್ನು ಮಾತ್ರ ತಡಕುತ್ತೆ. ಅಷ್ಟರಲ್ಲಿ 20 ಜನ ಇದ್ರೆ ಲೆಕ್ಕ 2 ಲಕ್ಷಕ್ಕೆ ಇಳೀತು. ಉತ್ತರ ಮಾತ್ರ ಅದೇ, ಯಾಕಂದ್ರೆ ದೂರದವರು ಹೇಗೂ ಡಿಕ್ಕಿ ಹೊಡೆಯಲ್ಲ.

ಎರಡನೇ ಉಪಾಯ, ಎಲ್ಲರನ್ನೂ ನಡೆಸದೇ ಇರೋದು. 2015ರ ‘ಸಿಟೀಸ್: ಸ್ಕೈಲೈನ್ಸ್’ 10 ಲಕ್ಷಕ್ಕೂ ಹೆಚ್ಚು ನಾಗರಿಕರ ದಾಖಲೆ ಇಡಬಲ್ಲದು. ಏಕಕಾಲಕ್ಕೆ ಬೀದಿಗಿಳಿಯೋರು 65,536 ಜನ ಮಾತ್ರ. ಉಳಿದವರು ಪಟ್ಟಿಯಲ್ಲಿ ಒಂದೊಂದು ಸಾಲು, ಅಷ್ಟೇ.

ಆಟಕ್ಕೆ ಇದು ಸಾಕು. ಆದರೆ ಬೆಂಕಿ ಬಿದ್ದರೆ ಸ್ಟೇಷನ್ ಎಷ್ಟು ನಿಮಿಷದಲ್ಲಿ ಖಾಲಿಯಾಗುತ್ತೆ ಅಂತ ಲೆಕ್ಕ ಹಾಕುವಾಗ ಮೊದಲನೇ ಉಪಾಯ ಇಟ್ಕೊಳ್ಳಿ, ಎರಡನೇದು ಬೇಡ. ನೀವು ಬಿಟ್ಟವರೇ ಮೆಟ್ಟಿಲ ಬುಡದಲ್ಲಿ ಸಿಕ್ಕಿಕೊಳ್ಳೋರು ಆಗಿರಬಹುದು.