ಚೀಲ ನೋಡಿಯಲ್ಲ, ಅಡಿಕೆ ನೋಡಿ

ಬೋಧನಾಭ್ಯಾಸಕ್ಕೆಂದು ಹೊನ್ನೆಮರಡು ಕಡೆಯ ಮಕ್ಕಳು ಬರುವ ಪ್ರೌಢಶಾಲೆಗೆ ಹೋಗಿದ್ದೆ. ಒಂಬತ್ತನೇ ತರಗತಿ, ಪಾಠ ಲೈಸೋಸೋಮ್. ಸಾಗರದ ಮಂಡಿಗೆ ಹೋಗುವ ಅಡಿಕೆ ಚೀಲಕ್ಕೆ ಗುರುತು ಹಾಕುವಂತೆ, ಲೈಸೋಸೋಮಿಗೆ ಹೋಗಬೇಕಾದ ಪ್ರೋಟೀನಿನ ಸಕ್ಕರೆ ಸರಪಳಿಗೆ ಗಾಲ್ಗಿ ಸಂಕೀರ್ಣದಲ್ಲಿ ಮ್ಯಾನೋಸ್-6-ಫಾಸ್ಫೇಟ್ ಎಂಬ ಗುರುತು ಬೀಳುತ್ತದೆ ಎಂದೆ.

ಒಬ್ಬ ಹುಡುಗಿ ಎದ್ದಳು. "ಮೇಡಂ, ಯಾವ ಚೀಲಕ್ಕೆ ಹಾಕ್ಬೇಕು ಅಂತ ಹ್ಯಾಂಗೆ ಗೊತ್ತಾಗುತ್ತೆ?"

ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. "ಸಕ್ಕರೆ ನೋಡಿ" ಎಂದುಬಿಟ್ಟೆ. ವೀಕ್ಷಣಾ ಹಾಳೆಯಲ್ಲಿ ಪ್ರಶ್ನೋತ್ತರಕ್ಕೆ ಒಳ್ಳೆಯ ಅಂಕವೇ ಬಿತ್ತು. ಆದರೆ ಉತ್ತರ ತಪ್ಪು. ಕೋಶದ ಹೊರಗೆ ಹೋಗುವ ಎಷ್ಟೋ ಪ್ರೋಟೀನುಗಳ ಮೇಲೂ ಅದೇ ಬಗೆಯ ಸಕ್ಕರೆಯಿರುತ್ತದೆ.

ಗುರುತು ಹಾಕುವ ಫಾಸ್ಫೋಟ್ರಾನ್ಸ್‌ಫರೇಸ್ ಕಿಣ್ವದಲ್ಲಿ ಆರು ಘಟಕಗಳು: ಆಲ್ಫಾ, ಬೀಟಾ, ಗಾಮಾ ತಲಾ ಎರಡು. ಆಲ್ಫಾ, ಬೀಟಾ ಒಂದೇ ಸರಪಳಿಯಾಗಿ ಹುಟ್ಟುತ್ತವೆ. ಗಾಲ್ಗಿಯಲ್ಲಿ ಇನ್ನೊಂದು ಕಿಣ್ವ ಕತ್ತರಿಸಿದ ಮೇಲೆಯೇ ಕೆಲಸಕ್ಕೆ ಬರುತ್ತವೆ. ಒಂದು ಭಾಗ ಸಕ್ಕರೆಗೆ ಫಾಸ್ಫೇಟ್ ಜೋಡಿಸುತ್ತದೆ. (ಅದು ಮುಚ್ಚಿದ ಗುರುತು, ಮುಚ್ಚಳ ತೆಗೆಯಲು ಬೇರೆ ಕಿಣ್ವವಿದೆ.) ಉಳಿದ ಕೆಲವು ಭಾಗಗಳು ಪ್ರೋಟೀನಿನ ಮೈಯನ್ನೇ ಗುರುತಿಸುತ್ತವೆ. ಮಡಚಿಕೊಂಡ ಪ್ರೋಟೀನಿನ ಮೇಲೆ ಲೈಸಿನ್‌ಗಳು ಎಷ್ಟು ಅಂತರದಲ್ಲಿ ಕೂತಿವೆ ಎಂಬುದು ಇಲ್ಲಿ ಮುಖ್ಯ.

ಈ ಕಿಣ್ವವೇ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಐ-ಸೆಲ್ ಕಾಯಿಲೆ ಎನ್ನುತ್ತಾರೆ. ಗುರುತಿಲ್ಲದ ಜೀರ್ಣಕಾರಿ ಕಿಣ್ವಗಳು ರಕ್ತಕ್ಕೆ ಸೋರುತ್ತವೆ, ಲೈಸೋಸೋಮಿನಲ್ಲಿ ಕಸ ತುಂಬುತ್ತದೆ. ಹೆಚ್ಚಿನವರು ಬಾಲ್ಯ ದಾಟುವುದಿಲ್ಲ.

ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು ಇಷ್ಟನ್ನೂ ಹೇಳಿದೆ. ಅದೇ ಹುಡುಗಿ ನಕ್ಕಳು. "ಹೌದು ಮೇಡಂ, ಚೀಲ ನೋಡಿ ರಾಶಿಯೋ ಬೆಟ್ಟೆಯೋ ಹೇಳಕ್ಕಾಗಲ್ಲ. ಕೈ ಹಾಕಿ ಅಡಿಕೆನೇ ನೋಡ್ಬೇಕು."